ಲಾಗಿನ್ ಅಲರ್ಟ್ ಬಂತಾ? ಲಿಂಕ್ ಒತ್ತುವ ಮೊದಲು ಇದನ್ನು ಓದಿ

ವಾರಕ್ಕೆ ಒಬ್ಬರಾದರೂ ನನಗೊಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ‘ನಿಮ್ಮ ಅಕೌಂಟ್‌ಗೆ ಹೊಸ ಡಿವೈಸ್‌ನಿಂದ ಲಾಗಿನ್ ಆಗಿದೆ’ ಅಂತ ಅದರಲ್ಲಿರುತ್ತದೆ. ಕೆಳಗೆ ಒಂದೇ ಪ್ರಶ್ನೆ: ‘ಇದು ನಿಜಾನಾ, ಫೇಕಾ?’

ನನ್ನ ಉತ್ತರವೂ ಪ್ರತಿ ಸಲ ಒಂದೇ. ಸ್ಕ್ರೀನ್‌ಶಾಟ್ ನೋಡಿ ಹೇಳೋಕೆ ಆಗಲ್ಲ. ಹೇಳುವ ಅಗತ್ಯವೂ ಇಲ್ಲ. ಅಲರ್ಟ್ ನಿಜವಾಗಿದ್ದರೆ ಅದೇ ಸುದ್ದಿ ನಿಮ್ಮ ಅಕೌಂಟ್ ಒಳಗೂ ಇರುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಆಯಿತು. ಮೆಸೇಜ್‌ನ ಲೋಗೋ, ಬಣ್ಣ, ಕಾಗುಣಿತ ತೂಗುತ್ತಾ ಕೂರಬೇಡಿ. ಒಂದು ಕಾಲದಲ್ಲಿ ಫೇಕ್ ಮೇಲ್ ಅಂದರೆ ತಪ್ಪು ತಪ್ಪು ಭಾಷೆ ಇರುತ್ತಿತ್ತು. ಈಗ ಎಷ್ಟೋ ಸಲ ಅಸಲಿಗಿಂತ ನಕಲಿಯೇ ಚೊಕ್ಕವಾಗಿರುತ್ತದೆ.

ಶುರು ಮಾಡುವ ಮೊದಲು ಮೂರು ವಸ್ತು ಹತ್ತಿರ ಇಟ್ಟುಕೊಳ್ಳಿ. ನೀವು ದಿನಾ ಬಳಸುವ ಫೋನ್ ಅಥವಾ ಕಂಪ್ಯೂಟರ್, ಅಕೌಂಟ್‌ಗೆ ಜೋಡಿಸಿರುವ ಸಿಮ್ ಇರುವ ಫೋನ್, ಮತ್ತೆ ಒಂದು ಪೆನ್ನು-ಹಾಳೆ. ಹಾಳೆ ಯಾಕೆ ಅಂದರೆ ಗಾಬರಿಯಲ್ಲಿ ಯಾವುದನ್ನು ಬದಲಿಸಿದೆ, ಯಾವುದನ್ನು ಬಿಟ್ಟೆ ಅನ್ನೋದೇ ನೆನಪಿರುವುದಿಲ್ಲ. ಎಲ್ಲಾ ಸೇರಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ.

ಹಂತ 1: ಮೆಸೇಜ್ ಒಳಗಿರುವ ಬಟನ್ ಒತ್ತಬೇಡಿ

‘ಪಾಸ್‌ವರ್ಡ್ ಬದಲಿಸಿ’, ‘ಇದು ನಾನಲ್ಲ’, ‘ಪರಿಶೀಲಿಸಿ’ ಅಂತ ಯಾವುದೇ ಬಟನ್ ಇರಲಿ, ಸದ್ಯಕ್ಕೆ ಕೈ ಹಿಂದೆ. ಮೆಸೇಜ್‌ನಲ್ಲಿರುವ ನಂಬರಿಗೆ ಫೋನೂ ಮಾಡಬೇಡಿ.

ಇದು ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಪ್ರಸಿದ್ಧ ಪ್ರಕರಣ ಇದೆ. 2016ರ ಮಾರ್ಚ್ 19ರಂದು ಹಿಲರಿ ಕ್ಲಿಂಟನ್ ಚುನಾವಣಾ ಪ್ರಚಾರದ ಅಧ್ಯಕ್ಷರಾಗಿದ್ದ ಜಾನ್ ಪೊಡೆಸ್ಟಾ ಅವರಿಗೆ ಗೂಗಲ್ ಹೆಸರಿನಲ್ಲಿ ಒಂದು ಮೇಲ್ ಬಂತು. ನಿಮ್ಮ ಪಾಸ್‌ವರ್ಡ್ ಬಳಸಿ ಯಾರೋ ಯುಕ್ರೇನ್‌ನಿಂದ ಲಾಗಿನ್ ಆಗಲು ನೋಡಿದ್ದಾರೆ, ನಾವು ತಡೆದಿದ್ದೇವೆ, ಕೂಡಲೇ ಪಾಸ್‌ವರ್ಡ್ ಬದಲಿಸಿ ಅಂತ. ಕೆಳಗೆ ಒಂದು ಬಟನ್. ಅವರ ಕಡೆಯವರು ಸುಮ್ನೆ ಒತ್ತಲಿಲ್ಲ, ತಮ್ಮ ಐಟಿ ಸಹಾಯಕರನ್ನು ಕೇಳಿದರು. ಆತ ‘ಇದು ಅಸಲಿ ಮೇಲ್, ಕೂಡಲೇ ಬದಲಿಸಿ’ ಅಂತ ಬರೆದರು. ‘ಅಸಲಿ ಅಲ್ಲ’ ಅಂತ ಬರೆಯಲು ಹೋಗಿ ಹಾಗಾಯಿತು ಅಂತ ಆಮೇಲೆ ಹೇಳಿದರು. ಆದರೆ ಅದೇ ಉತ್ತರದಲ್ಲಿ ಗೂಗಲ್‌ನ ನಿಜವಾದ ವಿಳಾಸವನ್ನೂ ಕೊಟ್ಟಿದ್ದರು. ಆ ವಿಳಾಸಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಒತ್ತಿದ್ದು ಮೇಲ್‌ನಲ್ಲಿದ್ದ ಬಟನ್. ಅಕ್ಟೋಬರ್‌ನಲ್ಲಿ ಆ ಮೇಲ್‌ಬಾಕ್ಸ್‌ನ ಸಾವಿರಾರು ಪತ್ರಗಳು ಗುಟ್ಟಿನ ದಾಖಲೆ ಬಯಲು ಮಾಡುವ ವಿಕಿಲೀಕ್ಸ್ ತಾಣದಲ್ಲಿ ಬರತೊಡಗಿದವು.

ಈ ಥರ ಸುಳ್ಳು ಪುಟಕ್ಕೆ ಕರೆದೊಯ್ದು ಪಾಸ್‌ವರ್ಡ್ ಹಾಕಿಸಿಕೊಳ್ಳುವ ಮೋಸಕ್ಕೆ ಫಿಶಿಂಗ್ ಅನ್ನುತ್ತಾರೆ. ಗಾಳ ಹಾಕಿ ಮೀನು ಹಿಡಿದ ಹಾಗೆ.

ಹಂತ 2: ನಿಮ್ಮದೇ ದಾರಿಯಲ್ಲಿ ಅಕೌಂಟ್‌ಗೆ ಹೋಗಿ

ಆ್ಯಪ್ ತೆರೆಯಿರಿ, ಅಥವಾ ಬ್ರೌಸರ್‌ನಲ್ಲಿ ವಿಳಾಸವನ್ನು ನೀವೇ ಟೈಪ್ ಮಾಡಿ. ಸರ್ಚ್ ಮಾಡಿ ಮೇಲೆ ಬಂದ ಮೊದಲ ಲಿಂಕ್ ಒತ್ತುವುದೂ ಬೇಡ, ಅಲ್ಲಿ ಜಾಹೀರಾತಿನ ವೇಷದಲ್ಲಿ ನಕಲಿ ಪುಟಗಳು ಬರುವುದುಂಟು. ಒಳಗೆ ಹೋದಮೇಲೆ ನೋಡಬೇಕಾದ ಜಾಗ ಇವು:

ಗೂಗಲ್: ಮೇಲಿನ ಮೂಲೆಯ ನಿಮ್ಮ ಫೋಟೋ ಒತ್ತಿ, ಅಕೌಂಟ್ ಮ್ಯಾನೇಜ್ ಮಾಡುವ ಪುಟಕ್ಕೆ ಹೋಗಿ, ‘ಸೆಕ್ಯುರಿಟಿ’ ವಿಭಾಗ ನೋಡಿ. ಇತ್ತೀಚಿನ ಭದ್ರತಾ ಚಟುವಟಿಕೆ ಮತ್ತು ‘ಯುವರ್ ಡಿವೈಸಸ್’ ಎರಡೂ ಅಲ್ಲಿರುತ್ತವೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್: ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್ ಸೆಂಟರ್’, ಅದರೊಳಗೆ ಪಾಸ್‌ವರ್ಡ್ ಮತ್ತು ಸೆಕ್ಯುರಿಟಿ. ಎಲ್ಲೆಲ್ಲಿ ಲಾಗಿನ್ ಆಗಿದ್ದೀರಿ ಅನ್ನೋ ಪಟ್ಟಿ ಸಿಗುತ್ತದೆ. ಇಲ್ಲೇ ಒಂದು ಒಳ್ಳೆ ಸೌಲಭ್ಯ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಂಪನಿ ನಿಮಗೆ ಇತ್ತೀಚೆಗೆ ನಿಜವಾಗಿ ಕಳಿಸಿದ ಮೇಲ್‌ಗಳ ಪಟ್ಟಿ ಅಲ್ಲಿರುತ್ತದೆ. ಇನ್‌ಸ್ಟಾಗ್ರಾಮ್ ಹಿಂದಿನ 14 ದಿನಗಳ ಸೆಕ್ಯುರಿಟಿ ಮೇಲ್‌ಗಳನ್ನು ತೋರಿಸುತ್ತದೆ. ನಿಮಗೆ ಬಂದ ಮೇಲ್ ಆ ಪಟ್ಟಿಯಲ್ಲಿ ಇಲ್ಲ ಅಂದರೆ ಅದು ಅವರು ಕಳಿಸಿದ್ದಲ್ಲ, ಅಷ್ಟೇ.

ಮೈಕ್ರೋಸಾಫ್ಟ್: ಅಕೌಂಟ್ ಪುಟದ ‘ಸೆಕ್ಯುರಿಟಿ’ಯಲ್ಲಿ ಸೈನ್-ಇನ್ ಚಟುವಟಿಕೆ. ಹಿಂದಿನ 30 ದಿನಗಳದ್ದು ಸಿಗುತ್ತದೆ. ಇದನ್ನು ಮೊದಲ ಸಲ ತೆರೆದವರು ಬೆಚ್ಚಿಬೀಳುತ್ತಾರೆ. ಕೇಳರಿಯದ ದೇಶಗಳಿಂದ ದಿನಕ್ಕೆ ಹತ್ತಾರು ಪ್ರಯತ್ನ! ಹೆದರಬೇಡಿ. ಪಕ್ಕದಲ್ಲಿ ‘ಅನ್‌ಸಕ್ಸೆಸ್‌ಫುಲ್’ ಅಂತಿದ್ದರೆ ಬಾಗಿಲು ತಟ್ಟಿ ವಾಪಸ್ ಹೋಗಿದ್ದಾರೆ ಅಂತ ಅರ್ಥ. ಇದನ್ನು ಯಂತ್ರಗಳು ಹಗಲೂ ರಾತ್ರಿ ಮಾಡುತ್ತಿರುತ್ತವೆ. ನೀವು ಹುಡುಕಬೇಕಾದದ್ದು ಯಶಸ್ವಿಯಾದ ಲಾಗಿನ್.

ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’, ಟೆಲಿಗ್ರಾಮ್‌ನಲ್ಲಿ ‘ಡಿವೈಸಸ್’. ಮೆನುಗಳ ಹೆಸರು ಆಗಾಗ ಬದಲಾಗುತ್ತಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಡಿವೈಸಸ್’ ಅಂತ ಹಾಕಿ.

ಹಂತ 3: ಬಂದಿದ್ದು ಯಾವ ಥರದ ಅಲರ್ಟ್ ಅಂತ ಗುರುತಿಸಿ

ಎಲ್ಲ ಅಲರ್ಟೂ ಒಂದೇ ಅಲ್ಲ. ‘ಲಾಗಿನ್ ಆಗಿದೆ’ ಅಂದರೆ ಒಳಗೆ ಬಂದಾಗಿದೆ. ‘ನಿಮ್ಮ ಪಾಸ್‌ವರ್ಡ್ ಬಳಸಿ ಮಾಡಿದ ಪ್ರಯತ್ನ ತಡೆದಿದ್ದೇವೆ’ ಅಂದರೆ ಒಳಗೆ ಬಂದಿಲ್ಲ, ಆದರೆ ಪಾಸ್‌ವರ್ಡ್ ಅವರ ಕೈಯಲ್ಲಿದೆ. ‘ತಡೆದರಲ್ಲ, ಸದ್ಯ’ ಅಂತ ಸುಮ್ಮನಾಗುವವರು ಇಲ್ಲೇ ಎಡವುತ್ತಾರೆ.

ಕೇಳದೇ ಬಂದ ಓಟಿಪಿಯದ್ದು ಸ್ವಲ್ಪ ಗೊಂದಲ. ಕೆಲವು ಕಡೆ ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲಷ್ಟೇ ಓಟಿಪಿ ಬರುತ್ತದೆ. ಅಂಥ ಕಡೆಯಿಂದ ಬಂದರೆ ಪಾಸ್‌ವರ್ಡ್ ಸೋರಿದೆ. ವಾಟ್ಸ್‌ಆ್ಯಪ್‌ನಂಥ ಕಡೆ ಫೋನ್ ನಂಬರ್ ಹಾಕಿದರೆ ಸಾಕು, ಓಟಿಪಿ ಹೊರಡುತ್ತದೆ. ಯಾರೋ ಒಂದು ಅಂಕಿ ತಪ್ಪಾಗಿ ಒತ್ತಿರಬಹುದು. ‘ಪಾಸ್‌ವರ್ಡ್ ರಿಸೆಟ್’ ಮೇಲ್ ಕೂಡ ಹಾಗೇ, ನಿಮ್ಮ ಮೇಲ್ ಐಡಿ ಗೊತ್ತಿರುವ ಯಾರು ಬೇಕಾದರೂ ಕಳಿಸಬಹುದು. ಎರಡರಲ್ಲೂ ನೀವು ಮಾಡಬೇಕಾದ್ದು ಒಂದೇ: ಆ ಕೋಡನ್ನು ಯಾರಿಗೂ ಹೇಳಬಾರದು. ‘ಅಯ್ಯೋ, ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ, ಕಳಿಸ್ತೀರಾ?’ ಅಂತ ಗೆಳೆಯರ ಅಕೌಂಟ್‌ನಿಂದಲೇ ಕೇಳಿದರೂ ಹೇಳಬಾರದು. ಹೆಚ್ಚಾಗಿ ಆ ಗೆಳೆಯರ ಅಕೌಂಟ್ ಮೊದಲೇ ಹೋಗಿರುತ್ತದೆ.

ಮೇಲ್ ಅಥವಾ ಮೆಸೇಜ್‌ನಲ್ಲಲ್ಲ, ನೇರ ಫೋನ್ ಪರದೆ ಮೇಲೆ ‘ನೀವೇನಾ ಲಾಗಿನ್ ಆಗುತ್ತಿರುವುದು? ಹೌದು / ಅಲ್ಲ’ ಅಂತ ಬಂದರೆ ‘ಅಲ್ಲ’ ಒತ್ತಿ. ಹತ್ತು ಸಲ ಬಂದರೆ ಹತ್ತು ಸಲವೂ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯೊಳಗೆ ನುಗ್ಗಿದ್ದು ಹೀಗೇ. ಗುತ್ತಿಗೆ ನೌಕರರೊಬ್ಬರ ಫೋನಿಗೆ ಮತ್ತೆ ಮತ್ತೆ ಈ ಕೋರಿಕೆ ಬಂತು, ಕೊನೆಗೆ ಒಂದಕ್ಕೆ ಅವರು ಒಪ್ಪಿಗೆ ಕೊಟ್ಟರು. ಈ ಕಿರಿಕಿರಿಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ ಅಂತಲೇ ಈಗ ಹಲವು ಕಡೆ ಬರೀ ‘ಹೌದು’ ಸಾಲದು, ಲಾಗಿನ್ ಆಗುತ್ತಿರುವ ಪರದೆಯಲ್ಲಿ ಕಾಣುವ ಸಂಖ್ಯೆಯನ್ನೂ ಫೋನಿನಲ್ಲಿ ಹೊಂದಿಸಬೇಕು.

ಇನ್ನು ‘ನಿಮ್ಮ ಫೋನ್ ನಂಬರ್ ತೆಗೆಯಲಾಗಿದೆ’, ‘ರಿಕವರಿ ಮೇಲ್ (ಪಾಸ್‌ವರ್ಡ್ ಮರೆತಾಗ ಅಕೌಂಟ್ ವಾಪಸ್ ಪಡೆಯಲು ಕೊಟ್ಟ ಮೇಲ್ ಐಡಿ) ಬದಲಾಗಿದೆ’ ಅನ್ನೋದು ಎಲ್ಲಕ್ಕಿಂತ ತುರ್ತಿನದು. ಕಳ್ಳ ಒಳಗೆ ಬಂದು ಬೀಗ ಬದಲಿಸುತ್ತಿದ್ದಾನೆ. ಇದೊಂದರಲ್ಲಿ ಮಾತ್ರ ಊಟ-ನಿದ್ದೆ ಬಿಟ್ಟು ಕೂರಿ.

ಹಂತ 4: ಅದು ನೀವೇ ಇರಬಹುದಾ?

ಒಮ್ಮೆ ರಾತ್ರಿ ಹನ್ನೊಂದಕ್ಕೆ ನನಗೇ ಒಂದು ಅಲರ್ಟ್ ಬಂತು. ಪರಿಚಯವಿಲ್ಲದ ಡಿವೈಸ್, ದೂರದ ಊರು. ಎದೆ ಧಸಕ್ಕೆಂದಿತು. ನೋಡಿದರೆ ಪಕ್ಕದ ಕೋಣೆಯಲ್ಲಿ ಮಗಳು ನನ್ನ ಹಳೇ ಟ್ಯಾಬ್ಲೆಟ್‌ಗೆ ಚಾರ್ಜ್ ಹಾಕಿ ಲಾಗಿನ್ ಆಗಿದ್ದಳು.

ಊರಿನ ಹೆಸರನ್ನು ಜಾಸ್ತಿ ನಂಬಬೇಡಿ. ಅದು ಜಿಪಿಎಸ್ ನೋಡಿ ಹೇಳಿದ್ದಲ್ಲ, ಐಪಿ ವಿಳಾಸದಿಂದ ಮಾಡಿದ ಅಂದಾಜು. ಐಪಿ ವಿಳಾಸ ಅಂದರೆ ಇಂಟರ್‌ನೆಟ್‌ಗೆ ಸೇರಿದಾಗ ನಿಮ್ಮ ಸಂಪರ್ಕಕ್ಕೆ ಸಿಗುವ ನಂಬರ್. ಮೊಬೈಲ್ ಕಂಪನಿ ನಿಮ್ಮ ಸಂಪರ್ಕವನ್ನು ಬೇರೆ ಊರಿನ ತನ್ನ ಕೇಂದ್ರದ ಮೂಲಕ ಕಳಿಸಿದರೆ ಆ ಊರಿನ ಹೆಸರೇ ಬರುತ್ತದೆ. ವಿಪಿಎನ್, ಅಂದರೆ ಸಂಪರ್ಕವನ್ನು ಬೇರೆ ಕಡೆಯ ಕಂಪ್ಯೂಟರ್ ಮೂಲಕ ಕಳಿಸುವ ಆ್ಯಪ್, ಹಾಕಿದ್ದರೆ ಬೇರೆ ದೇಶವೇ ಬರಬಹುದು.

ಅದಕ್ಕಿಂತ ಸಮಯ ಮತ್ತು ಡಿವೈಸ್ ಹೆಚ್ಚು ನಂಬಿಕೆಗೆ ಅರ್ಹ. ಆ ಹೊತ್ತಿನಲ್ಲಿ ನೀವು ಹೊಸ ಬ್ರೌಸರ್ ಹಾಕಿದಿರಾ? ಇನ್‌ಕಾಗ್ನಿಟೋದಲ್ಲಿ (ಬ್ರೌಸರ್ ಏನೂ ನೆನಪಿಟ್ಟುಕೊಳ್ಳದ ಖಾಸಗಿ ಕಿಟಕಿ) ತೆರೆದಿರಾ? ಬ್ರೌಸರ್‌ನ ಕುಕಿಗಳನ್ನು, ಅಂದರೆ ನಿಮ್ಮನ್ನು ಗುರುತಿಸಲು ತಾಣಗಳು ಅಲ್ಲಿ ಇಟ್ಟಿರುವ ಚೂರು ಮಾಹಿತಿಯನ್ನು, ಅಳಿಸಿದಿರಾ? ಇವೆಲ್ಲ ಹಳೇ ಕಂಪ್ಯೂಟರನ್ನೇ ‘ಹೊಸ ಡಿವೈಸ್’ ಮಾಡಿಬಿಡುತ್ತವೆ. ಸಮಯ ಓದುವಾಗ ಮಾತ್ರ ಹುಷಾರು, ಕೆಲವು ಮೇಲ್‌ಗಳಲ್ಲಿ ಅದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ, ನಿಮ್ಮ ಗಡಿಯಾರದ್ದಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಆ ಡಿವೈಸನ್ನು ಲಾಗೌಟ್ ಮಾಡಿ ಮುಂದಿನ ಹಂತಕ್ಕೆ ಹೋಗಿ. ನಿಮ್ಮದೇ ಆಗಿದ್ದರೆ ಮತ್ತೊಮ್ಮೆ ಪಾಸ್‌ವರ್ಡ್ ಹಾಕಬೇಕಾದೀತು, ಅಷ್ಟೇ ತಾನೆ.

ಹಂತ 5: ನೀವಲ್ಲ ಅಂತಾದರೆ, ಈ ಕ್ರಮದಲ್ಲೇ ಮಾಡಿ

ಕ್ರಮ ತಪ್ಪಿದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ.

ಒಂದು, ಶುದ್ಧ ಇರುವ ಫೋನ್ ಅಥವಾ ಕಂಪ್ಯೂಟರ್ ಹಿಡಿಯಿರಿ. ಇತ್ತೀಚೆಗೆ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಸಾಫ್ಟ್‌ವೇರ್ ಹಾಕಿದ್ದೀರಾ? ಗೊತ್ತಿಲ್ಲದವರು ಕಳಿಸಿದ ಫೈಲ್ ತೆರೆದಿದ್ದೀರಾ? ಹಾಗಿದ್ದರೆ ಆ ಯಂತ್ರದಲ್ಲಿ ಹೊಸ ಪಾಸ್‌ವರ್ಡ್ ಹಾಕಬೇಡಿ. ಒಳಗೆ ಕೂತ ಮಾಲ್‌ವೇರ್, ಅಂದರೆ ಕದಿಯಲೆಂದೇ ಬರೆದ ಪ್ರೋಗ್ರಾಂ, ಹೊಸದನ್ನೂ ಕಳಿಸಿಬಿಡುತ್ತದೆ.

ಎರಡು, ಮೊದಲು ಇಮೇಲ್. ಅಲರ್ಟ್ ಬಂದಿದ್ದು ಇನ್‌ಸ್ಟಾಗ್ರಾಮ್‌ನದ್ದಾದರೂ ಅದಕ್ಕೆ ಜೋಡಿಸಿದ ಮೇಲ್ ಅಕೌಂಟನ್ನೇ ಮೊದಲು ನೋಡಿ. ಉಳಿದೆಲ್ಲ ಅಕೌಂಟ್‌ಗಳ ಪಾಸ್‌ವರ್ಡ್ ರಿಸೆಟ್ ಬರುವುದು ಅಲ್ಲಿಗೇ. ಮೇಲ್ ಕಳ್ಳನ ಕೈಯಲ್ಲಿದ್ದರೆ ನೀವು ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವನು ಮತ್ತೆ ರಿಸೆಟ್ ಮಾಡಿಕೊಳ್ಳುತ್ತಾನೆ.

ಮೂರು, ಪಾಸ್‌ವರ್ಡ್ ಬದಲಿಸಿ. ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸುವುದು ಬದಲಾವಣೆ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸಾಲಾಗಿ ಇಟ್ಟರೂ ಸಾಕು, ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಹುಟ್ಟಿಸಿ ನೆನಪಿಡುವ ಆ್ಯಪ್) ಹುಟ್ಟಿಸಿಕೊಟ್ಟರೆ ಇನ್ನೂ ಒಳ್ಳೆಯದು. ಅದೇ ಹಳೇ ಪಾಸ್‌ವರ್ಡನ್ನು ಬೇರೆಲ್ಲಿ ಹಾಕಿದ್ದೀರಿ ಅಂತ ಹಾಳೆಯಲ್ಲಿ ಬರೆಯಿರಿ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ನೂರು ಕಡೆ ಹಾಕಿ ನೋಡುವುದು ಕಳ್ಳರ ಮಾಮೂಲಿ ಕಸುಬು. ನಿಮ್ಮ ಮೇಲ್ ಐಡಿ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಅಂತ ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ಅನ್ನೋ ಉಚಿತ ತಾಣ ಇದೆ, ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು. ಅಲ್ಲಿ ಮೇಲ್ ಐಡಿ ಕೊಟ್ಟರೆ ಸಾಕು.

ನಾಲ್ಕು, ಎಲ್ಲ ಸೆಷನ್‌ಗಳನ್ನೂ ಲಾಗೌಟ್ ಮಾಡಿ. ಒಮ್ಮೆ ಲಾಗಿನ್ ಆದಮೇಲೆ ಬ್ರೌಸರ್‌ಗೆ ಒಂದು ಗುರುತಿನ ಚೀಟಿ ಸಿಗುತ್ತದೆ. ಅದು ಇರುವತನಕ ಪಾಸ್‌ವರ್ಡ್ ಮತ್ತೆ ಕೇಳುವುದಿಲ್ಲ. ಇದನ್ನೇ ಸೆಷನ್ ಅನ್ನುವುದು. ಚೀಟಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. 2023ರ ಮಾರ್ಚ್‌ನಲ್ಲಿ ‘ಲೈನಸ್ ಟೆಕ್ ಟಿಪ್ಸ್’ ಅನ್ನೋ ದೊಡ್ಡ ಯೂಟ್ಯೂಬ್ ಚಾನೆಲ್ ಕಳ್ಳರ ಪಾಲಾಗಿದ್ದು ಹೀಗೆ. ಪ್ರಾಯೋಜಕರ ಪ್ರಸ್ತಾವದ ವೇಷದಲ್ಲಿ ಬಂದ ಫೈಲನ್ನು ಸಿಬ್ಬಂದಿಯೊಬ್ಬರು ತೆರೆದರು, ಬ್ರೌಸರ್‌ನ ಸೆಷನ್‌ಗಳು ಹೋದವು. ತಂತ್ರಜ್ಞಾನವನ್ನೇ ಉಸಿರಾಡುವವರ ಕಥೆಯೇ ಹೀಗೆ! ಪಾಸ್‌ವರ್ಡ್ ಬದಲಿಸಿದ ತಕ್ಷಣ ಎಲ್ಲ ಕಡೆ ತಾನಾಗಿ ಲಾಗೌಟ್ ಆಗುತ್ತದೆ ಅಂದುಕೊಳ್ಳಬೇಡಿ. ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಇಲ್ಲ. ಡಿವೈಸ್ ಪಟ್ಟಿಗೆ ವಾಪಸ್ ಹೋಗಿ ಕೈಯಾರೆ ತೆಗೆಯಿರಿ.

ಐದು, ರಿಕವರಿ ಫೋನ್ ನಂಬರ್, ರಿಕವರಿ ಮೇಲ್ ನಿಮ್ಮವೇನಾ ನೋಡಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಕೀಲಿ), ಆ್ಯಪ್ ಪಾಸ್‌ವರ್ಡ್ (ಬೇರೊಂದು ಆ್ಯಪ್‌ಗೆಂದೇ ಮಾಡುವ ಪ್ರತ್ಯೇಕ ಪಾಸ್‌ವರ್ಡ್) ಅಂತ ನೀವು ಮಾಡಿರದ್ದು ಏನಾದರೂ ಇದ್ದರೆ ಅಳಿಸಿ.

ಹಂತ 6: ಕಳ್ಳ ಬಿಟ್ಟುಹೋದ ಕಿಂಡಿಗಳು

ಇದನ್ನು ಬೇರೆ ಹಂತ ಮಾಡಿದ್ದೇನೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲಿಗೆ ಬರುವಷ್ಟರಲ್ಲಿ ‘ಪಾಸ್‌ವರ್ಡ್ ಬದಲಿಸಿದ್ದಾಯ್ತು’ ಅಂತ ಎದ್ದುಬಿಡುತ್ತಾರೆ ಅಂತ ನನ್ನ ಅನುಭವ.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆಯಿರಿ. ಫೋನ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಗೇರ್ ಚಿಹ್ನೆ ಒತ್ತಿ ಎಲ್ಲ ಸೆಟ್ಟಿಂಗ್ಸ್‌ಗೆ ಹೋಗಿ. ‘ಫಾರ್ವರ್ಡಿಂಗ್’ ಅನ್ನೋ ಪುಟದಲ್ಲಿ ನಿಮಗೆ ಗೊತ್ತಿಲ್ಲದ ಮೇಲ್ ಐಡಿ ಇದೆಯಾ? ಇದ್ದರೆ ನಿಮಗೆ ಬರುವ ಪ್ರತಿ ಪತ್ರದ ಪ್ರತಿ ಅಲ್ಲಿಗೂ ಹೋಗುತ್ತಿದೆ. ಪಾಸ್‌ವರ್ಡ್ ಬದಲಾದರೂ ಅದು ನಿಲ್ಲುವುದಿಲ್ಲ.

ಪಕ್ಕದ ‘ಫಿಲ್ಟರ್ಸ್’ ಪುಟ ಇನ್ನೂ ಮುಖ್ಯ. ಫಿಲ್ಟರ್ ಅಂದರೆ ‘ಇಂಥ ಪದ ಇರುವ ಮೇಲ್ ಬಂದರೆ ಹೀಗೆ ಮಾಡು’ ಅನ್ನೋ ನಿಯಮ. ಒಂದು ಸಾಲು ಹೀಗಿರಬಹುದು: ‘ಪಾಸ್‌ವರ್ಡ್’ ಅಥವಾ ‘ಸೆಕ್ಯುರಿಟಿ’ ಅನ್ನೋ ಪದವಿರುವ ಮೇಲ್ ಬಂದರೆ ಇನ್‌ಬಾಕ್ಸ್‌ಗೆ ಹಾಕದೆ, ಓದಿದ ಹಾಗೆ ಗುರುತು ಮಾಡಿ, ನೇರ ಟ್ರ್ಯಾಷ್‌ಗೆ. ಅಂದರೆ ಮುಂದಿನ ಸಲ ಕಳ್ಳ ಬಂದಾಗ ಅಲರ್ಟ್ ಬರುತ್ತದೆ, ಆದರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಮಾಡಿರದ ಪ್ರತಿ ಫಿಲ್ಟರ್ ಅಳಿಸಿ. ಆಮೇಲೆ ಟ್ರ್ಯಾಷ್ (ಅಳಿಸಿದ ಮೇಲ್) ಮತ್ತು ಸೆಂಟ್ (ಕಳಿಸಿದ ಮೇಲ್) ಎರಡನ್ನೂ ಒಮ್ಮೆ ತೆರೆದು ನೋಡಿ, ಏನಾಗಿದೆ ಅನ್ನೋದರ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಔಟ್‌ಲುಕ್‌ನಲ್ಲಿ ಇದಕ್ಕೇ ‘ರೂಲ್ಸ್’ ಅನ್ನುತ್ತಾರೆ.

ಕೊನೆಯ ಕಿಂಡಿ, ಅಕೌಂಟ್‌ಗೆ ಜೋಡಿಸಿರುವ ಹೊರಗಿನ ಆ್ಯಪ್‌ಗಳು. ಎಂದೋ ಆಡಿದ ಆಟ, ಒಮ್ಮೆ ಬಳಸಿದ ಫೋಟೋ ಆ್ಯಪ್ ಎಲ್ಲ ಅಲ್ಲಿರುತ್ತವೆ. ಗುರುತು ಸಿಗದಿದ್ದರೆ ತೆಗೆಯಿರಿ.

ಹಂತ 7: ಎರಡನೇ ಬೀಗ ಹಾಕಿ

ಟೂ-ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆ ಕೇಳುವ ವ್ಯವಸ್ಥೆ. ಎಸ್‌ಎಂಎಸ್ ಓಟಿಪಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಫೋನಿನಲ್ಲೇ ಕೋಡ್ ಹುಟ್ಟಿಸಿಕೊಡುವ ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಮೇಲು. ಪಾಸ್‌ಕೀ ಎಲ್ಲಕ್ಕಿಂತ ಗಟ್ಟಿ, ಅದು ಅಸಲಿ ತಾಣದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನೀವೇ ಮೋಸಹೋಗಿ ನಕಲಿ ಪುಟ ತೆರೆದರೂ ಅದು ಬಗ್ಗುವುದಿಲ್ಲ.

ಎಸ್‌ಎಂಎಸ್‌ನ ದೌರ್ಬಲ್ಯ ಸಿಮ್‌ನಲ್ಲಿದೆ. ನಿಮ್ಮ ನಂಬರನ್ನು ಮೊಬೈಲ್ ಕಂಪನಿಯವರಿಂದ ಬೇರೆ ಸಿಮ್‌ಗೆ ಹಾಕಿಸಿಕೊಂಡರೆ ಓಟಿಪಿ ಅಲ್ಲಿಗೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ ಅವರ ಸ್ವಂತ ಟ್ವಿಟರ್ ಅಕೌಂಟೇ ನಂಬರ್ ಕಳುವಿನಿಂದ ಹೋಯಿತು. ಅಲರ್ಟ್ ಬಂದ ಹೊತ್ತಲ್ಲೇ ಫೋನಿನ ನೆಟ್‌ವರ್ಕ್ ಕಾರಣವಿಲ್ಲದೆ ಮಾಯವಾದರೆ ಮೊದಲು ಬೇರೆ ಫೋನಿನಿಂದ ಮೊಬೈಲ್ ಕಂಪನಿಗೆ ಕರೆ ಮಾಡಿ.

ಫೋನ್ ಕೈಯಲ್ಲಿ ಇಲ್ಲದಾಗ ಎರಡನೇ ಪುರಾವೆಯಾಗಿ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಈಗಲೇ ತೆಗೆದಿಡಿ. ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಕಾಗದದಲ್ಲಿ ಬರೆದಿಡಿ. ಅದರ ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಫೋನ್ ಕಳೆದ ದಿನ ಕೋಡೂ ಕಳೆದ ಹಾಗೆ.

ಒಳಗೆ ಹೋಗೋಕೇ ಆಗದಿದ್ದರೆ

ಕಂಪನಿಯ ರಿಕವರಿ ಪುಟಕ್ಕೆ ನೀವೇ ಹೋಗಿ. ಮೊದಲಿಂದ ಬಳಸುತ್ತಿದ್ದ ಫೋನ್, ಅದೇ ಬ್ರೌಸರ್, ಮಾಮೂಲಿ ಜಾಗದಿಂದಲೇ ಪ್ರಯತ್ನಿಸಿ. ಗುರುತಿರುವ ಡಿವೈಸ್ ಅಂದರೆ ನೀವೇ ಮಾಲೀಕರು ಅಂತ ನಂಬುವ ಸಾಧ್ಯತೆ ಜಾಸ್ತಿ.

‘ನಿಮ್ಮ ಮೇಲ್ ಐಡಿ ಬದಲಾಗಿದೆ, ನೀವಲ್ಲದಿದ್ದರೆ ಇಲ್ಲಿ ಒತ್ತಿ’ ಅಂತ ಹಳೇ ಮೇಲ್‌ಗೆ ಬಂದಿದ್ದರೆ ಅದನ್ನು ಅಳಿಸಬೇಡಿ. ಮೊದಲ ಹಂತದಲ್ಲಿ ಲಿಂಕ್ ಒತ್ತಬೇಡಿ ಅಂದೆ, ನಿಜ. ಆದರೆ ರಿಕವರಿ ಪುಟ ಕೈಕೊಟ್ಟಾಗ ಬದಲಾವಣೆ ಹಿಂತೆಗೆಯಲು ಆ ಲಿಂಕ್ ಒಂದೇ ದಾರಿ ಆಗಬಹುದು. ಹಾಗಾಗಿ ಒತ್ತುವ ಮೊದಲು ವಿಳಾಸ ಓದಿ. ಲಿಂಕ್ ಮೇಲೆ ಬೆರಳನ್ನು ಒತ್ತಿಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಮೊದಲಿನ ಜೋಡಿ ಓರೆ ಗೀಟು (//) ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆ ಗೀಟಿನ (/) ತನಕ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಕೊನೆಯಲ್ಲಿ ‘ಇನ್‌ಸ್ಟಾಗ್ರಾಮ್ ಡಾಟ್ ಕಾಮ್’ ಇದ್ದು, ಅದಕ್ಕೆ ಅಂಟಿಕೊಂಡಂತೆ ಹಿಂದೆ ಏನೂ ಇಲ್ಲದಿದ್ದರೆ ಅಥವಾ ಒಂದು ಡಾಟ್ ಇದ್ದರೆ ಮಾತ್ರ ಸರಿ. ‘ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಡಾಟ್’ ಅಂತ ಶುರುವಾಗಿ ಕೊನೆಗೆ ಬೇರೇನೋ ಹೆಸರಿದ್ದರೆ ಆ ತಾಣ ಬೇರೆಯವರದ್ದು. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಇಟ್ಟರೆ ಎಮ್ ಥರವೇ ಕಾಣುತ್ತದೆ, ಅದನ್ನೂ ಗಮನಿಸಿ.

ವಾಟ್ಸ್‌ಆ್ಯಪ್ ಹೋಗಿದ್ದರೆ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಾಯಿಸಿ. ಎಸ್‌ಎಂಎಸ್‌ನಲ್ಲಿ ಬಂದ 6 ಅಂಕಿಯ ಕೋಡ್ ಹಾಕಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅವನು ಟೂ-ಸ್ಟೆಪ್ ಪಿನ್ ಹಾಕಿಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ಅಷ್ಟು ದಿನ ಅವನೂ ಹೊರಗೇ ಇರುತ್ತಾನೆ, ಹಾಗಾಗಿ ಕಾಯಿರಿ.

‘ಹೋದ ಅಕೌಂಟ್ ತಂದುಕೊಡ್ತೀವಿ’ ಅಂತ ಮೆಸೇಜ್ ಮಾಡುವವರು ಈ ಹೊತ್ತಲ್ಲೇ ಕಾಣಿಸಿಕೊಳ್ಳುತ್ತಾರೆ. ಅವರಿಗೆ ದುಡ್ಡೂ ಕೊಡಬೇಡಿ, ಕೋಡೂ ಕೊಡಬೇಡಿ.

ಹಂತ 8: ಹೇಳಬೇಕಾದವರಿಗೆ ಹೇಳಿ, ಮತ್ತೆ ನೋಡಿ

ನಿಮ್ಮ ಹೆಸರಲ್ಲಿ ದುಡ್ಡು ಕೇಳಿ ಮೆಸೇಜ್ ಹೋಗಿರಬಹುದು. ಹತ್ತಿರದವರಿಗೆ ಫೋನ್ ಮಾಡಿಯೇ ಹೇಳಿ. ಹೋದ ಅಕೌಂಟ್‌ನಲ್ಲಿ ಕಾರ್ಡ್ ವಿವರ ಇದ್ದರೆ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಕರೆ ಮಾಡಿ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಪೊಲೀಸರಿಗೆ ದೂರು ಕೊಡಿ, ಅಲರ್ಟ್ ಮೇಲ್‌ಗಳು ಆಗ ಸಾಕ್ಷಿಯಾಗುತ್ತವೆ.

ಒಂದು ವಾರ ಬಿಟ್ಟು ಅದೇ ಹಾಳೆ ಹಿಡಿದು ಡಿವೈಸ್ ಪಟ್ಟಿ, ಫಾರ್ವರ್ಡಿಂಗ್, ಫಿಲ್ಟರ್ಸ್ ಮೂರನ್ನೂ ಇನ್ನೊಮ್ಮೆ ನೋಡಿ. ನೀವು ಅಳಿಸಿದ ಫಿಲ್ಟರ್ ಮತ್ತೆ ಬಂದು ಕೂತಿದ್ದರೆ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿ ಸುಮ್ಮನಾಗಬೇಡಿ. ತೊಂದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಬೇಕಾದ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು ಅದನ್ನು ಪೂರ್ತಿ ರಿಸೆಟ್ ಮಾಡಿಸಿ, ಆಮೇಲೆ ಹಂತ 5ರಿಂದ ಮತ್ತೆ ಶುರು ಮಾಡಿ.